ಹೆಸರು ಎರಡು, ಔಷಧಿ ಒಂದೇ

ಪ್ರಶ್ನೆ: ಪುಣೆಯಲ್ಲಿ ಮಕ್ಕಳ ಮನೆಗೆ ಬಂದು ನೆಲೆಸಿದ, ಮರಾಠಿ ಬಾರದ ಹಿರಿಯರು ಮಾತ್ರೆಗಳ ಮತ್ತು ತಪಾಸಣೆಯ ದಿನಗಳ ಲೆಕ್ಕ ಇಡುವುದು ಹೇಗೆ?

ಉತ್ತರ: ಚೀಟಿಯಲ್ಲಿ ಕಾಣುವ 1-0-1 ಎಂಬ ಗುರುತು ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂಬುದನ್ನು ಸೂಚಿಸುವುದರಿಂದ, ಕಲಬುರಗಿಯಿಂದ ಬಂದ ಅಜ್ಜಿಗೂ ಅದು ಭಾಷೆಯ ಹಂಗಿಲ್ಲದೆ ತಿಳಿಯುತ್ತದೆ. ನಿಜವಾದ ತೊಡಕಿರುವುದು ಹೆಸರಿನಲ್ಲಿ. ಔಷಧಿಯ ಸಾರವಸ್ತುವನ್ನು ತಿಳಿಸುವ ಜೆನೆರಿಕ್ ಹೆಸರು ಒಂದೇ ಇದ್ದರೂ ಕಂಪನಿಗಳು ಇಡುವ ಬ್ರ್ಯಾಂಡ್ ಹೆಸರುಗಳು ಹಲವಾಗಿದ್ದು, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಗ್ಲೈಕೋಮೆಟ್ ಎಂದೂ ಗ್ಲೈಸಿಫೇಜ್ ಎಂದೂ ಮಾರಾಟವಾಗುತ್ತದೆ. ಊರಿನ ವೈದ್ಯರು ಒಂದನ್ನು, ಪುಣೆಯ ವೈದ್ಯರು ಇನ್ನೊಂದನ್ನು ಬರೆದು, ಹಳೆಯದನ್ನು ನಿಲ್ಲಿಸಬೇಕೆಂದು ಯಾರೂ ಹೇಳದಿದ್ದರೆ, ಹಿರಿಯರು ಎರಡನ್ನೂ ನುಂಗುವ ಅಪಾಯವಿದೆ. ಆದುದರಿಂದ ಜೆನೆರಿಕ್ ಹೆಸರು, ಮಿಲಿಗ್ರಾಂ ಪ್ರಮಾಣ, ಯಾವ ಕಾಯಿಲೆಗೆ ಎಂಬ ವಿವರಗಳನ್ನು ಒಂದೇ ಹಾಳೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆದು, ಪ್ರತಿ ಭೇಟಿಯಲ್ಲೂ ವೈದ್ಯರಿಗೆ ತೋರಿಸುವುದು ಉಳಿದೆಲ್ಲ ಉಪಾಯಗಳಿಗಿಂತ ಮೇಲು. ಅಂಗಡಿಯವರು ಕತ್ತರಿಸಿಕೊಟ್ಟ ನಾಲ್ಕು ಮಾತ್ರೆಗಳ ತುಂಡಿನಲ್ಲಿ ಹೆಸರಾಗಲಿ ಅವಧಿ ಮುಗಿಯುವ ದಿನಾಂಕವಾಗಲಿ ಉಳಿದಿರದಿರಬಹುದು. ಪೂರ್ತಿ ಸ್ಟ್ರಿಪ್ಪನ್ನೇ ಕೇಳುವುದು ಲೇಸು. ವಾರಕ್ಕೊಮ್ಮೆ ತುಂಬುವ ಏಳು ಖಾನೆಗಳ ಡಬ್ಬಿಯಿದ್ದರೆ, ಆ ದಿನದ ಮಾತ್ರೆ ನುಂಗಿದ್ದಾಯಿತೇ ಎಂಬ ಸಂಶಯವನ್ನು ಖಾಲಿ ಖಾನೆಯೇ ಪರಿಹರಿಸುತ್ತದೆ. ತಪಾಸಣೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸುವಾಗ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಾದುದನ್ನೂ ಜೊತೆಗೆ ಬರುವವರ ಹೆಸರನ್ನೂ ಅಲ್ಲಿಯೇ ಬರೆದಿಡಬೇಕು.