ಕರೆಗಿಳಿಯುವ ಮೊದಲೇ ಗೆದ್ದ ಓಟ

ಹದಿಮೂರು ಸೆಕೆಂಡು, ಅದರ ಮೇಲೊಂದಿಷ್ಟು ಚಿಲ್ಲರೆ! ಅಷ್ಟರೊಳಗೆ ಒಂದು ಜೋಡಿ ಕೋಣ, ಒಬ್ಬ ಮನುಷ್ಯ, 142.5 ಮೀಟರ್ ಕೆಸರು ನೀರು, ಎಲ್ಲ ಮುಗಿದೇ ಹೋಯಿತು. 2020ರ ಫೆಬ್ರವರಿ 1ರಂದು ಐಕಳದ ಕಾಂತಾಬಾರೆ-ಬೂದಾಬಾರೆ ಕಂಬಳದಲ್ಲಿ ಶ್ರೀನಿವಾಸ ಗೌಡರು ಓಡಿದ ಆ ಓಟದ ಸಮಯ 13.62 ಸೆಕೆಂಡು. ಗಂಟೆಗೆ 37 ಕಿಲೋಮೀಟರಿಗೂ ಮಿಕ್ಕಿದ ವೇಗ. ನೂರು ಮೀಟರಿಗೆ ಇಳಿಸಿದರೆ 9.55. ಅದೇ ತಿಂಗಳು ವೇಣೂರಿನಲ್ಲಿ ಕಾರ್ಕಳ ತಾಲೂಕಿನ ಬಜಗೋಳಿಯ ನಿಶಾಂತ್ ಶೆಟ್ಟಿಯವರು ಅದನ್ನು 9.51ಕ್ಕೆ ತಂದರು. ಜಗತ್ತೆಲ್ಲ ಉಸೇನ್ ಬೋಲ್ಟ್‌ನ 9.58ರ ಜೊತೆ ತೂಗಿ ನೋಡಿತು. ಹಗ್ಗದ ಇನ್ನೊಂದು ತುದಿಯಲ್ಲಿ ಎರಡು ಕೋಣಗಳ ಎಳೆತ ಇರುವಾಗ ಆ ಹೋಲಿಕೆ ನ್ಯಾಯವಲ್ಲ, ನನಗದು ಬೇಕಾಗಿಯೂ ಇಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಪ್ರಶ್ನೆ. ಆ ವೇಗದಲ್ಲಿ, ಕಾಲಿಟ್ಟಲ್ಲಿ ಜಾರುವ ನೆಲದಲ್ಲಿ ಓಡಿ ಓಟ ಮುಗಿಯುವ ಮಂಜೊಟ್ಟಿ ಮುಟ್ಟಿದ ದೇಹ ಕೆಲವು ಗಂಟೆ ಕಳೆದು ಇನ್ನೊಂದು ಸುತ್ತಿಗೆ ಓಟ ಹೊರಡುವ ಗಂತಿನಲ್ಲಿ ಬಂದು ನಿಲ್ಲುತ್ತದೆ, ಮುಂದಿನ ವಾರ ಇನ್ನೊಂದು ಊರಿನ ಕರೆಯಲ್ಲಿ, ಅಂದರೆ ಓಟದ ಕೆಸರುಗದ್ದೆಯಲ್ಲಿ, ಮತ್ತೆ ನಿಲ್ಲುತ್ತದೆ. ಅಂಥ ದೇಹ ತಯಾರಾಗುವುದು ಎಲ್ಲಿ? ಯಾವಾಗ?

ಇದೇ ಪ್ರಶ್ನೆಯನ್ನು ಫುಟ್‌ಬಾಲ್ ಜಗತ್ತು ಪ್ರತಿ ಬೇಸಗೆಯಲ್ಲೂ ಕೇಳಿಕೊಳ್ಳುತ್ತದೆ. ಯುರೋಪಿನಲ್ಲಿ ಮೇ ತಿಂಗಳಿಗೆ ಲೀಗ್ ಮುಗಿಯುತ್ತದೆ, ಆಗಸ್ಟಿಗೆ ಮತ್ತೆ ಆರಂಭ. ನಡುವೆ ಕೆಲವು ವಾರಗಳ ಪ್ರೀ-ಸೀಸನ್ ಕ್ಯಾಂಪ್, ಬೆಳಿಗ್ಗೆ ಓಟ, ಸಂಜೆ ಓಟ. ನಮ್ಮ ಬೆಂಗಳೂರು ಎಫ್‌ಸಿ ಬಳ್ಳಾರಿ ಕಡೆಯ ವಿಜಯನಗರದ ಬಿಸಿಲಲ್ಲಿ ಬೆವರು ಹರಿಸಿದ್ದುಂಟು. 2018ರಲ್ಲಿ ಸ್ಪೇನಿಗೇ ಹೋಗಿ ಬಾರ್ಸಿಲೋನಾದ ಬಿ ತಂಡದೊಡನೆ ಆಡಿ ಬಂದದ್ದೂ ಉಂಟು. ಕಂಬಳದ ಪಂಚಾಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಿ ಮಾರಾಯ್ರೆ! ನವೆಂಬರಿಗೆ ಶುರುವಾದರೆ ಮಾರ್ಚ್, ಏಪ್ರಿಲ್ ತನಕ ವಾರಾಂತ್ಯ ಬಂತೆಂದರೆ ಒಂದಲ್ಲ ಒಂದು ಊರಲ್ಲಿ ಜೋಡುಕರೆ ಕಂಬಳ. ನಮ್ಮ ಕಾಪು ತಾಲೂಕಿನ ಕಟಪಾಡಿ ಬೀಡಿನ ಮೂಡು-ಪಡು ಕಂಬಳ, ಮಿಯ್ಯಾರಿನ ಲವ-ಕುಶ, ಬಾರಾಡಿ ಬೀಡಿನ ಸೂರ್ಯ-ಚಂದ್ರ. ರಾತ್ರಿಯಿಡೀ ದೀಪದ ಬೆಳಕಲ್ಲಿ ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ವಿಭಾಗಗಳ ಓಟ. ಐದಾರು ತಿಂಗಳ ಸೀಸನ್, ಅದರ ಹಿಂದೆ ಮಳೆಗಾಲದ ಬಿಡುವು. ಅಚ್ಚು ಒಂದೇ!

ಬಿಡುವಿನಲ್ಲಿ ದೇಹ ಎಷ್ಟು ಬೇಗ ಮರೆಯುತ್ತದೆ ಎಂದು ಓದಿದಾಗ ನನಗೆ ಗಾಬರಿಯೇ ಆಯಿತು. ಪಳಗಿದ ಕ್ರೀಡಾಪಟು ಅಭ್ಯಾಸ ನಿಲ್ಲಿಸಿ ನಾಲ್ಕು ವಾರ ತುಂಬುವುದರೊಳಗೆ ಆಮ್ಲಜನಕ ಬಳಸುವ ಅವನ ಗರಿಷ್ಠ ಸಾಮರ್ಥ್ಯ ನೂರಕ್ಕೆ 4ರಿಂದ 14ರಷ್ಟು ಕುಸಿಯಬಹುದು. ರಕ್ತದ ದ್ರವಭಾಗ ಇನ್ನೂ ಮೊದಲೇ, ದಿನಗಳ ಲೆಕ್ಕದಲ್ಲೇ ಕಡಿಮೆಯಾಗತೊಡಗುತ್ತದೆ. ಆದರೆ ಮರಳಿ ಬರುವುದನ್ನೂ ನೋಡಬೇಕು! ಸೆಕೆಯಲ್ಲಿ ಕೆಲವು ದಿನ ಬೆವರು ಸುರಿಸಿ ದುಡಿದರೆ ಸಾಕು, ದೇಹ ತಾನಾಗಿಯೇ ರಕ್ತದ ದ್ರವವನ್ನು ಹೆಚ್ಚಿಸಿಕೊಳ್ಳುತ್ತದೆ. ಅದೇ ಓಟಕ್ಕೆ ಹೃದಯ ಈಗ ಕಡಿಮೆ ಬಡಿತದಲ್ಲಿ ಒದಗುತ್ತದೆ. ಬೆವರು ಬೇಗ ಒಡೆಯುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಮಾತ್ರ ಕಡಿಮೆ, ಯಾಕೆಂದರೆ ಬೆವರಿನ ಗ್ರಂಥಿ ಉಪ್ಪನ್ನು ಒಳಗೇ ಉಳಿಸಿಕೊಳ್ಳುವುದನ್ನು ಕಲಿತುಬಿಟ್ಟಿರುತ್ತದೆ! ಹತ್ತು-ಹದಿನಾಲ್ಕು ದಿನಗಳಲ್ಲಿ ಇಷ್ಟೆಲ್ಲ ಬದಲಾವಣೆ. ಹೇಳಿಕೊಟ್ಟವರು ಯಾರೂ ಇಲ್ಲ.

ಹತ್ತು-ಹದಿನಾಲ್ಕು ದಿನ ಬೇಕು ಎಂಬಲ್ಲೇ ಅಪಾಯವೂ ಇದೆ. 2001ರಲ್ಲಿ ಮಿನ್ನೆಸೋಟ ವೈಕಿಂಗ್ಸ್ ತಂಡದ ಕೋರಿ ಸ್ಟ್ರಿಂಗರ್ ಕ್ಯಾಂಪಿನ ಮೊದಲ ದಿನಗಳಲ್ಲೇ ಸೆಕೆಗೆ ಕುಸಿದುಬಿದ್ದರು. ಅದು ಅಮೆರಿಕನ್ ಫುಟ್‌ಬಾಲ್, ಆಟ ಬೇರೆ. ಆದರೆ ಕ್ಯಾಂಪಿನ ಕಾಠಿಣ್ಯದ ಹೆಮ್ಮೆ ಅದೇ. ಆಸ್ಪತ್ರೆಗೆ ತಂದಾಗ ಮೈಯ ಶಾಖ 108 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಆಗಸ್ಟ್ 1ರಂದು ತೀರಿಕೊಂಡರು, 27ರ ಪ್ರಾಯ. ಆಮೇಲೆ ಆ ದೇಶದಲ್ಲಿ ಸೆಕೆಗೆ ಒಗ್ಗಿಸುವ ನಿಯಮಗಳು ಬಂದವು, ದಿನಕ್ಕೆರಡು ಬಾರಿಯ ಕವಚ ತೊಟ್ಟ ಕಸರತ್ತಿಗೆ ಕಡಿವಾಣ ಬಿತ್ತು. ಕರಾವಳಿಯ ಸೆಕೆಯಲ್ಲಿ ಮಕ್ಕಳನ್ನು ಓಡಿಸುವ ಪ್ರತಿಯೊಬ್ಬ ಕೋಚ್‌ಗೂ ಈ ಹೆಸರು ಗೊತ್ತಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಹಾಗಾದರೆ ಕಠಿಣ ಕ್ಯಾಂಪ್ ಒಳ್ಳೆಯದೋ ಕೆಟ್ಟದ್ದೋ? ಕಥೆಗಳನ್ನು ಕೇಳುತ್ತಾ ಹೋದರೆ ಎರಡಕ್ಕೂ ಸಾಕ್ಷಿ ಸಿಗುತ್ತದೆ. ಜರ್ಮನಿಯ ಫೆಲಿಕ್ಸ್ ಮಗಾತ್ ಎಂಬ ಕೋಚ್ ಭಾರದ ಚೆಂಡುಗಳನ್ನು ಹೊರಿಸಿ, ವೋಲ್ಫ್ಸ್‌ಬರ್ಗ್ ತಂಡದ ಅಭ್ಯಾಸದ ಅಂಗಳದಲ್ಲಿ ಒಂದು ಗುಡ್ಡವನ್ನೇ ಕಟ್ಟಿಸಿ ಆಟಗಾರರನ್ನು ಮೆಟ್ಟಿಲು ಹತ್ತಿಸಿದರು. 2009ರಲ್ಲಿ ಆ ತಂಡ ಬುಂಡೆಸ್‌ಲೀಗಾ ಗೆದ್ದಿತು. 2022ರ ಜುಲೈಯಲ್ಲಿ ಸಿಯೋಲ್‌ನ ಬಿಸಿಲಲ್ಲಿ ಆಂಟೋನಿಯೋ ಕಾಂಟೆ ಟಾಟನ್‌ಹ್ಯಾಮ್ ತಂಡವನ್ನು ಮೈದಾನದ ಈ ತುದಿಯಿಂದ ಆ ತುದಿಗೆ 42 ಸಲ ಓಡಿಸಿದರು. ಹ್ಯಾರಿ ಕೇನ್ ವಾಂತಿ ಮಾಡಿಕೊಂಡರು, ಸನ್ ಹ್ಯುಂಗ್-ಮಿನ್ ನೆಲಕ್ಕೆ ಒರಗಿದರು. ಆ ವರ್ಷ ತಂಡ ಎಂಟನೇ ಸ್ಥಾನಕ್ಕಿಳಿಯಿತು, ಕಾಂಟೆ ನಡುವಿನಲ್ಲೇ ಹೊರನಡೆದರು; ಅದೇ ಕೇನ್ ಮಾತ್ರ ಲೀಗಿನಲ್ಲಿ 30 ಗೋಲು ಹೊಡೆದರು! ಒಂದೇ ಮೈದಾನ, ಒಂದೇ ಓಟ. ಇದರಿಂದ ಏನನ್ನು ಸಾಧಿಸಿ ತೋರಿಸಲಾದೀತು?

ಕಥೆಗಳನ್ನು ಬಿಟ್ಟು ಲೆಕ್ಕಕ್ಕೆ ಬಂದಾಗ ನನ್ನ ಕಣ್ಣು ಅರಳಿತು. ಸ್ವೀಡನ್ನಿನ ವೈದ್ಯ ಯಾನ್ ಎಕ್‌ಸ್ಟ್ರಾಂಡ್ ಮತ್ತು ಸಂಗಡಿಗರು ಯುರೋಪಿನ ದೊಡ್ಡ ಕ್ಲಬ್ಬುಗಳ ಗಾಯಗಳನ್ನು 2001ರಿಂದ ದಾಖಲಿಸುತ್ತ ಬಂದಿದ್ದಾರೆ. ಅದರಲ್ಲಿ 15 ವರ್ಷಗಳ, 44 ತಂಡಗಳ ಲೆಕ್ಕ ತೆಗೆದು ಅವರು ಕೇಳಿದ್ದು ಒಂದೇ ಮಾತು: ಸೀಸನ್‌ಗೆ ಮುಂಚೆ ಹೆಚ್ಚು ಬಾರಿ ಅಭ್ಯಾಸ ಮಾಡಿದ ತಂಡಗಳಿಗೆ ಸೀಸನ್‌ನಲ್ಲಿ ಏನಾಯಿತು? ಅವರಲ್ಲಿ ದೊಡ್ಡ ಗಾಯಗಳು ಕಡಿಮೆ. ಗಾಯದಿಂದ ಹೊರಗುಳಿದ ದಿನಗಳು ಕಡಿಮೆ. ಪಂದ್ಯಕ್ಕೆ ಸಿಗುವ ಆಟಗಾರರು ಹೆಚ್ಚು. ವ್ಯತ್ಯಾಸ ಭಾರಿಯೇನಲ್ಲ, ಗಾಯಕ್ಕೆ ಬೇರೆ ನೂರು ಕಾರಣಗಳಿವೆ; ಆದರೆ ದಿಕ್ಕು ಸ್ಪಷ್ಟ. ರಗ್ಬಿ ಲೀಗ್‌ನ 30 ಆಟಗಾರರನ್ನು ಹಿಂಬಾಲಿಸಿದ ಇನ್ನೊಂದು ಅಧ್ಯಯನದಲ್ಲಿ ಸೀಸನ್ ಪೂರ್ವದ ಪ್ರತಿ 10 ಹೆಚ್ಚುವರಿ ಅಭ್ಯಾಸಕ್ಕೆ ಗಾಯದ ಸಂಭವ ನೂರಕ್ಕೆ 17ರಷ್ಟು ತಗ್ಗಿತ್ತು. ಗಮನಿಸಿ, ಇಲ್ಲಿ ಎಣಿಸಿದ್ದು ಎಷ್ಟು ಸಲ ಬಂದರು ಎಂಬುದನ್ನು. ಎಷ್ಟು ಮಂದಿ ವಾಂತಿ ಮಾಡಿದರು ಎಂದು ಯಾರೂ ಎಣಿಸಿಲ್ಲ. ಬಂದ ದಿನಗಳು ಕಾಪಾಡುತ್ತವೆ!

ಯಾಕೆ ಎಂದು ಹುಡುಕುತ್ತಾ ಹೋದರೆ ಹಿಮ್ಮಡಿಯ ಮೇಲಿನ ಆ ದಪ್ಪ ಸ್ನಾಯುರಜ್ಜುವಿನೊಳಗೆ ಇನ್ನೊಂದು ಬೆರಗು. ಜೋರು ಓಟದ ನಂತರದ ಮೊದಲ 24ರಿಂದ 36 ಗಂಟೆ ಅಲ್ಲಿ ಕಟ್ಟುವ ಕೆಲಸಕ್ಕಿಂತ ಕಳಚುವ ಕೆಲಸವೇ ಹೆಚ್ಚು. ಹಗ್ಗ ಹೊಸೆಯುವವನು ಸವೆದ ಎಳೆಯನ್ನು ಬಿಚ್ಚಿ ಮತ್ತೆ ಹುರಿ ಹಾಕುವ ಹಾಗೆ ದೇಹ ಹಳೆಯ ಕೊಲಾಜನ್ ಎಳೆಗಳನ್ನು ಮೊದಲು ಕಡಿಯುತ್ತದೆ, ಆಮೇಲೆ ಇನ್ನೂ ಗಟ್ಟಿಯಾಗಿ ಕಟ್ಟುತ್ತದೆ. ಬಿಚ್ಚಿದ ಹೊತ್ತಿಗೇ ಮತ್ತೆ ಎಳೆದರೆ? ದಿನಕ್ಕೆ ಎರಡು ಸಲ, ವಾರಪೂರ್ತಿ ಚಚ್ಚುವ ಕ್ಯಾಂಪಿನಲ್ಲಿ ಆ ರಜ್ಜುವಿಗೆ ಹುರಿ ಹಾಕಿಕೊಳ್ಳಲು ಸಮಯವೇ ಸಿಗುವುದಿಲ್ಲ. ಮಲಗಿರುವಾಗ, ಗಂಜಿ ಉಂಡು ಜಗಲಿಯಲ್ಲಿ ಕೂತಿರುವಾಗ ಓಟಗಾರ ಗಟ್ಟಿಯಾಗುತ್ತಿರುತ್ತಾನೆ!

ಡೆನ್ಮಾರ್ಕಿನ ಒಂದು ಪ್ರಯೋಗವನ್ನಂತೂ ಯಾರ ಹತ್ತಿರ ಹೇಳಿದರೂ ನನಗೆ ತೃಪ್ತಿಯಾಗುವುದಿಲ್ಲ. 50 ತಂಡಗಳ 942 ಫುಟ್‌ಬಾಲ್ ಆಟಗಾರರು. ಅರ್ಧದಷ್ಟು ತಂಡಗಳಿಗೆ ಸೀಸನ್ ನಡುವಿನ ಚಳಿಗಾಲದ ಬಿಡುವಿನಲ್ಲಿ ಹತ್ತು ವಾರ ಒಂದೇ ಒಂದು ಹೆಚ್ಚುವರಿ ವ್ಯಾಯಾಮ: ಮೊಣಕಾಲೂರಿ ನಿಲ್ಲುವುದು, ಜೊತೆಗಾರ ಹಿಂದಿನಿಂದ ಕಾಲಿನ ಗಂಟು ಒತ್ತಿ ಹಿಡಿಯುವುದು, ಬೆನ್ನು ನೆಟ್ಟಗಿಟ್ಟು ಮುಂದಕ್ಕೆ ಎಷ್ಟು ನಿಧಾನವಾಗಿ ಆಗುತ್ತದೋ ಅಷ್ಟು ನಿಧಾನವಾಗಿ ಬೀಳುವುದು. ಯಂತ್ರ ಬೇಡ, ಹಣ ಬೇಡ. 2011ರಲ್ಲಿ ಪ್ರಕಟವಾದ ಫಲಿತಾಂಶ: ವ್ಯಾಯಾಮ ಮಾಡದ ಗುಂಪಿನಲ್ಲಿ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಗಾಯಗಳು 52, ಮಾಡಿದವರಲ್ಲಿ 15. ವ್ಯಾಯಾಮ ಮೊದಲ ವಾರ ತೀರಾ ಕಡಿಮೆ, ಆಮೇಲೆ ಮೆಲ್ಲ ಮೆಲ್ಲ ಏರಿಕೆ. ನಿಧಾನಕ್ಕೆ ಬೀಳುವುದನ್ನು ಕಲಿತ ಸ್ನಾಯು ಜೋರಾಗಿ ಓಡುವಾಗ ಹರಿಯುವುದು ಕಡಿಮೆ. ಊರೂರಿನ ಶಾಲೆಯ ಅಂಗಳದಲ್ಲಿ ನಾಳೆಯೇ ಶುರು ಮಾಡಬಹುದಾದದ್ದು ಇದು.

ಈಗ ಕಂಬಳದ ಕೊಟ್ಟಿಗೆಗೆ ಬನ್ನಿ. ಕೋಣಗಳಿಗೆ ಬೇಯಿಸಿದ ಹುರುಳಿ, ಮೈಗೆ ಎಣ್ಣೆ ಹಚ್ಚಿ ತಿಕ್ಕುವುದು, ಕೆರೆಯಲ್ಲಿ ಈಜು. ಈಜಿನಲ್ಲಿ ಗಂಟುಗಳಿಗೆ ಭಾರವಿಲ್ಲ, ಎದೆಗೆ ಮಾತ್ರ ಪೂರ್ತಿ ಕೆಲಸ. ಗಾಯಗೊಂಡ ಫುಟ್‌ಬಾಲ್ ಆಟಗಾರರನ್ನು ದೊಡ್ಡ ಕ್ಲಬ್ಬುಗಳು ಇಳಿಸುವುದು ಇಂಥದೇ ನೀರಿಗೆ. ಗದ್ದೆಗೆ ಇಳಿಸುವ ಕಾಲ ಬಂದಾಗ ಕುದಿ ಕಂಬಳ. ಅದು ಸೀಸನ್‌ಗೆ ಮುಂಚಿನ ತಾಲೀಮು, ಪದಕಕ್ಕಾಗಿ ನಡೆಯುವುದಲ್ಲ. ಕೋಣಕ್ಕೆ ಕರೆಯ ನೆನಪು ಬರಲಿ, ಓಟಗಾರನಿಗೆ ಕೋಣದ ನಡೆ ತಿಳಿಯಲಿ ಎಂದು ನಡೆಯುವುದು. ಈಜಿನಿಂದ ಕುದಿಗೆ, ಕುದಿಯಿಂದ ಕಂಬಳಕ್ಕೆ, ಮೆಟ್ಟಿಲು ಮೆಟ್ಟಿಲಾಗಿ! ಎಕ್‌ಸ್ಟ್ರಾಂಡ್ ಪುಟಗಟ್ಟಲೆ ಅಂಕಿಗಳಿಂದ ಹೊರತೆಗೆದದ್ದನ್ನು ನಮ್ಮ ಕೋಣಗಳ ಯಜಮಾನರು ಪ್ರತಿ ವರ್ಷ ಮಾಡಿಕೊಂಡೇ ಬಂದಿದ್ದಾರಲ್ಲ ಎಂದು ಹೊಳೆದಾಗ ನಾನು ಓದುತ್ತಿದ್ದ ಹಾಳೆಯನ್ನು ಕೆಳಗಿಟ್ಟು ಎದ್ದು ಓಡಾಡಿದೆ.

ಓಟಗಾರರಿಗೂ ಕ್ಯಾಂಪ್ ಉಂಟು. 2011ರಲ್ಲಿ ಪ್ರೊ. ಕೆ. ಗುಣಪಾಲ ಕಡಂಬರು ಕಟ್ಟಿದ ಕಂಬಳ ಅಕಾಡೆಮಿ ಕಾರ್ಕಳದ ಮಿಯ್ಯಾರಿನಲ್ಲಿ ಯುವಕರನ್ನು ಕೂಡಿಸಿ ವ್ಯಾಯಾಮ, ಯೋಗ, ಕೋಣಗಳ ಆರೈಕೆ, ಕರೆಯಲ್ಲಿ ಓಡುವ ಕ್ರಮ ಎಲ್ಲವನ್ನೂ ಹೇಳಿಕೊಡತೊಡಗಿತು. ಆ ಮೊದಲ ತಂಡದಲ್ಲಿ ಕಲಿತವರಲ್ಲಿ ಒಬ್ಬರು ಯಾರು ಗೊತ್ತೇ? ಶ್ರೀನಿವಾಸ ಗೌಡ! 2011ರಿಂದ 2020ರ ಐಕಳದವರೆಗೆ ಎಷ್ಟು ಮಳೆಗಾಲ, ಎಷ್ಟು ಕುದಿ, ಎಷ್ಟು ಕರೆ. ಆ ಹದಿಮೂರು ಸೆಕೆಂಡು ಒಂಬತ್ತು ವರ್ಷ ಉದ್ದದ್ದು.

ಐಕಳದ ಓಟದ ನಂತರ ಕೇಂದ್ರ ಕ್ರೀಡಾ ಸಚಿವರಾಗಿದ್ದ ಕಿರಣ್ ರಿಜಿಜು ಶ್ರೀನಿವಾಸ ಗೌಡರನ್ನು ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದ ಟ್ರಯಲ್ಸ್‌ಗೆ ಕರೆದರು. ಗೌಡರು ಓಡಲಿಲ್ಲ. ಕಾಲಿಗೆ ಪೆಟ್ಟಾಗಿತ್ತು, ಕಂಬಳದ ಸೀಸನ್ ನಡೆಯುತ್ತಿತ್ತು. ಜೊತೆಗೆ ಅವರು ಕೊಟ್ಟ ಇನ್ನೊಂದು ಕಾರಣವನ್ನು ಆಗ ಅನೇಕರು ನೆಪವೆಂದು ತಳ್ಳಿಹಾಕಿದರು. ಕಂಬಳದ ಓಟದಲ್ಲಿ ಕೆಲಸ ಹಿಮ್ಮಡಿಯದ್ದು, ಟ್ರ್ಯಾಕಿನಲ್ಲಿ ಕಾಲ್ಬೆರಳುಗಳದ್ದು ಎಂದಿದ್ದರು ಅವರು. ಅದು ನೆಪವಲ್ಲ, ಕ್ರೀಡಾ ವಿಜ್ಞಾನದ ಮೂಲಪಾಠ! ದೇಹ ತನ್ನಿಂದ ಯಾವ ಕೆಲಸ ಕೇಳಿದರೋ ಅದೇ ಕೆಲಸಕ್ಕೆ, ಅದೇ ಕೋನಕ್ಕೆ, ಅದೇ ನೆಲಕ್ಕೆ ತನ್ನನ್ನು ತಿದ್ದಿಕೊಳ್ಳುತ್ತದೆ. ಫುಟ್‌ಬಾಲ್ ಆಟಗಾರ ಒಂದು ಪಂದ್ಯದಲ್ಲಿ ಹತ್ತು-ಹನ್ನೊಂದು ಕಿಲೋಮೀಟರ್ ಓಡುತ್ತಾನೆ, ಆದರೆ ನಿಂತು, ತಿರುಗಿ, ಚಿಮ್ಮಿ, ಮತ್ತೆ ನಿಂತು. ಅವನನ್ನು ಗುಡ್ಡ ಹತ್ತಿಸಿದರೆ ಗುಡ್ಡ ಹತ್ತುವುದರಲ್ಲಿ ಜಾಣನಾಗುತ್ತಾನೆ. ಚೆಂಡಿನ ಜೊತೆ ತಿರುಗುವ ಮೊಣಕಾಲು ಬೇರೆಯೇ ಪಾಠ ಕೇಳುತ್ತದೆ.

ನೆಲ ಎಂದಾಗ ನಮ್ಮ ಕಾಪುವಿನ ಕಡಲತೀರವನ್ನು ಬಿಡಲಾಗುವುದಿಲ್ಲ. 1901ರ ದೀಪಸ್ತಂಭದ ಕೆಳಗಿನ ಆ ಒಣ ಹೊಯಿಗೆಯಲ್ಲಿ ಓಡಿದವರಿಗೆ ಗೊತ್ತು, ಸ್ವಲ್ಪದರಲ್ಲೇ ಮೀನಖಂಡ ಉರಿಯುತ್ತದೆ. ಬೆಲ್ಜಿಯಂನ ವಿಜ್ಞಾನಿಗಳು 1998ರಲ್ಲಿ ಅಳೆದು ತೋರಿಸಿದ್ದಾರೆ: ಗಟ್ಟಿ ನೆಲಕ್ಕೆ ಹೋಲಿಸಿದರೆ ಮರಳಿನಲ್ಲಿ ಓಡಲು ಸುಮಾರು 1.6 ಪಟ್ಟು ಶಕ್ತಿ ಬೇಕು, ನಡೆಯಲು ಎರಡು ಪಟ್ಟಿಗೂ ಹೆಚ್ಚು! ಗಟ್ಟಿ ನೆಲದ ಲೆಕ್ಕಕ್ಕೆ ಹೋಲಿಸಿದರೆ ನಡಿಗೆಯ ಬೆಲೆಯೇ ಹೆಚ್ಚು ಏರುವುದು. ಗಟ್ಟಿ ನೆಲ ಪಾದಕ್ಕೆ ಹಿಂತಿರುಗಿ ಕೊಡುವುದನ್ನು ಮರಳು ನುಂಗಿಬಿಡುತ್ತದೆ. ಆದ್ದರಿಂದ ನೆಗೆದು ಇಳಿಯುವ ಪೆಟ್ಟು ಕಡಿಮೆ, ದಮ್ಮಿಗೆ ಕೆಲಸ ಹೆಚ್ಚು. ಕ್ಯಾಂಪಿನ ಮೊದಲ ವಾರಗಳಿಗೆ ಇದಕ್ಕಿಂತ ಒಳ್ಳೆಯ ನೆಲ ಬೇಕೇ? ಕೊನೆಯ ವಾರಗಳಿಗೆ ಮಾತ್ರ ಇದು ಸಾಲದು, ಆಗ ಆಡುವ ನೆಲದಲ್ಲೇ ಓಡಬೇಕು. ಕಟಪಾಡಿಯಿಂದ ಅರ್ಧ ಗಂಟೆಯ ದಾರಿಯಲ್ಲಿ ಮಣಿಪಾಲವಿದೆ, ಅಲ್ಲಿ ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನವನ್ನು ಕಲಿಸುವ ವಿಭಾಗವೇ ಇದೆ. ಕುದಿಯ ದಿನಗಳಲ್ಲಿ ಓಟಗಾರರ ಎದೆಬಡಿತವನ್ನು, ಆ ಹಿಮ್ಮಡಿಯ ರಜ್ಜುವಿನ ದಪ್ಪವನ್ನು ಮೊದಲ ವಾರ ಒಮ್ಮೆ, ಎಂಟನೇ ವಾರ ಒಮ್ಮೆ ಅಳೆದು ನೋಡುವ ಆಸೆ ನನಗೆ ತಡೆಯಲಾಗದಷ್ಟಿದೆ.

2020-21ರ ಕಂಬಳದ ಸೀಸನ್ ಕೋವಿಡ್‌ನಿಂದಾಗಿ ತಡವಾಯಿತು. ನವೆಂಬರಿನಲ್ಲಿ ಕರೆಗಿಳಿಯಬೇಕಿದ್ದವರು ಹೊಸ ವರ್ಷ ಹುಟ್ಟುವವರೆಗೆ ಕಾದರು. ಬಿಡುವು ಉದ್ದವಾಯಿತು, ತಯಾರಿಯೂ ಉದ್ದವಾಯಿತು. 2021ರ ಮಾರ್ಚ್‌ನಲ್ಲಿ ಬಂಟ್ವಾಳ ತಾಲೂಕಿನ ಕಕ್ಯಪದವಿನ ಕರೆಯಲ್ಲಿ ಶ್ರೀನಿವಾಸ ಗೌಡರು 125 ಮೀಟರನ್ನು 11.21 ಸೆಕೆಂಡಿನಲ್ಲಿ ಮುಗಿಸಿದರು. ಕರೆ ಬೇರೆ, ಉದ್ದ ಬೇರೆ, ಎಲ್ಲ ಒಪ್ಪಿದೆ. ಆದರೂ ನೂರು ಮೀಟರಿನ ಲೆಕ್ಕಕ್ಕೆ ಇಳಿಸಿ ನೋಡಿ: 8.96!