ಹೊಲಗಳಲ್ಲಿ ಹುದುಗಿರುವ ಪುರಾತನ ವಸ್ತುಗಳೂ ಲೋಹಶೋಧಕ ಯಂತ್ರವೂ

ಹೊಲವನ್ನು ಉಳುವಾಗಲೂ, ಬಾವಿಯನ್ನು ತೋಡುವಾಗಲೂ, ಬದುಗಳನ್ನು ಹಾಕುವಾಗಲೂ ಹಳೆಯ ನಾಣ್ಯ, ತಾಮ್ರದ ಪಾತ್ರೆ, ಕಬ್ಬಿಣದ ಆಯುಧ ಮೊದಲಾದುವು ಹೊರಬೀಳುವುದು ರೈತರಿಗೆ ಹೊಸ ಸಂಗತಿಯಲ್ಲ. ಈಚೆಗೆ ನೆಲವನ್ನು ಅಗೆಯದೆಯೇ ಒಳಗಿರುವ ಲೋಹವನ್ನು ಸೂಚಿಸುವ ಯಂತ್ರವು ಸುಲಭವಾಗಿ ದೊರೆಯುತ್ತಿರುವುದರಿಂದ, ಇಂಥ ವಸ್ತುಗಳನ್ನು ಬೇಕೆಂದೇ ಹುಡುಕುವವರೂ ಉಂಟಾಗಿದ್ದಾರೆ. ಈ ಯಂತ್ರದ ಗುಣದೋಷಗಳನ್ನೂ, ವಸ್ತು ದೊರೆತಾಗ ಭೂಮಿಯ ಯಜಮಾನನು ನಡೆದುಕೊಳ್ಳಬೇಕಾದ ಕ್ರಮವನ್ನೂ ಗ್ರಾಮದ ಮುಖ್ಯಸ್ಥರ ಮತ್ತು ಜಮೀನುದಾರರ ತಿಳಿವಳಿಕೆಗಾಗಿ ಇಲ್ಲಿ ಬರೆಯಲಾಗಿದೆ.

ಯಂತ್ರದ ಸ್ವರೂಪ.— ಉದ್ದನೆಯ ಕೋಲಿನ ತುದಿಯಲ್ಲಿ ತಂತಿಯ ಸುರುಳಿಯುಳ್ಳ ಒಂದು ಬಳೆಯಿರುತ್ತದೆ. ಅದರಲ್ಲಿ ವಿದ್ಯುತ್ತು ಹರಿದಾಗ ಸುತ್ತಲೂ ಅಯಸ್ಕಾಂತ ಶಕ್ತಿಯು ಹರಡುತ್ತದೆ. ನೆಲದೊಳಗೆ ಲೋಹವಿದ್ದರೆ ಆ ಶಕ್ತಿಯಿಂದ ಲೋಹದಲ್ಲಿಯೂ ಅಲ್ಪ ವಿದ್ಯುತ್ತು ಹುಟ್ಟುವುದು. ಇದನ್ನು ಗ್ರಹಿಸಿ ಯಂತ್ರವು ಧ್ವನಿ ಮಾಡುವುದು. ಸಣ್ಣ ನಾಣ್ಯವಾದರೆ ಸಾಮಾನ್ಯವಾಗಿ ಒಂದು ಗೇಣಿನಷ್ಟು ಆಳದವರೆಗೆ ಮಾತ್ರ ತಿಳಿಯುತ್ತದೆ. ಮುರಿದ ಗುಳದ ಚೂರು, ಲಾಳದ ಮೊಳೆ, ಸೀಸೆಯ ಮುಚ್ಚಳ, ಇವುಗಳೂ ಧ್ವನಿಯನ್ನುಂಟುಮಾಡುತ್ತವೆ. ಮಣ್ಣಿನ ಮಡಕೆ, ಎಲುಬು, ಬೂದಿ, ಕಲ್ಲಿನ ಉಪಕರಣ, ಇವು ಎಷ್ಟು ಬೆಲೆಯುಳ್ಳವಾದರೂ ಯಂತ್ರಕ್ಕೆ ಕಾಣವು.

ಇಲ್ಲಿ ವ್ಯವಸಾಯಗಾರರು ಗಮನಿಸಬೇಕಾದ ಒಂದು ಅಂಶವುಂಟು. ನೇಗಿಲು ತಿರುವುವ ಮೇಲ್ಮಣ್ಣಿನಲ್ಲಿರುವ ವಸ್ತುವು ಆಗಲೇ ತನ್ನ ಸ್ಥಾನದಿಂದ ಕದಲಿರುತ್ತದೆ. ಅದರ ಕೆಳಗಿನ ಮಣ್ಣು ಮಾತ್ರ ಪೂರ್ವಿಕರು ಬಿಟ್ಟುಹೋದ ಸ್ಥಿತಿಯಲ್ಲಿಯೇ ಇರಬಹುದು. ಧ್ವನಿ ಬಂದೊಡನೆ ಹಾರೆಯಿಂದ ಈ ಕೆಳಮಣ್ಣನ್ನು ಅಗೆದರೆ, ಆ ಸ್ಥಿತಿಯನ್ನು ಮತ್ತೆ ಸರಿಪಡಿಸಲು ಯಾರಿಂದಲೂ ಆಗುವುದಿಲ್ಲ.

ಎರಡು ದೃಷ್ಟಾಂತಗಳು.— ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದಲ್ಲಿ ನಡೆದ ಎರಡು ಸಂಗತಿಗಳಿಂದ ಈ ವಿಷಯವು ಸ್ಪಷ್ಟವಾಗುತ್ತದೆ. 1942ರಲ್ಲಿ ಮಿಲ್ಡನ್‌ಹಾಲ್ ಎಂಬಲ್ಲಿ ಹೊಲವನ್ನು ಆಳವಾಗಿ ಉಳುತ್ತಿದ್ದಾಗ ರೋಮನರ ಕಾಲದ ಬೆಳ್ಳಿಯ ತಟ್ಟೆ ಬಟ್ಟಲುಗಳು ದೊರೆತುವು. ಅವನ್ನು ಯಾರಿಗೂ ತಿಳಿಸದೆ ಮನೆಗೆ ಕೊಂಡೊಯ್ದು ತಿಕ್ಕಿ ಇಟ್ಟುಕೊಳ್ಳಲಾಯಿತು. 1946ರಲ್ಲಿ ಸಂಗತಿಯು ಹೊರಬಿದ್ದಾಗ ಅವು ಸರ್ಕಾರದ ವಶವಾದುವು. ಕಂಡುಹಿಡಿದ ಇಬ್ಬರಿಗೂ ತಲಾ 1,000 ಪೌಂಡು ಮಾತ್ರ ದೊರೆಯಿತು. ದೊರೆತ ಸ್ಥಳದ ವಿಷಯದಲ್ಲಿಯೇ ಸಂಶಯ ಹುಟ್ಟಿ, ಈ ಪಾತ್ರೆಗಳು ಬೇರೆ ದೇಶದಿಂದ ಬಂದುವೆಂದು ಹೇಳುವವರೂ ಇದ್ದರು.

ಐವತ್ತು ವರ್ಷಗಳ ಮೇಲೆ, 1992ರ ನವೆಂಬರಿನಲ್ಲಿ, ಅದೇ ಪ್ರಾಂತ್ಯದ ಹಾಕ್ಸನ್ ಗ್ರಾಮದ ಗೇಣಿ ರೈತನೊಬ್ಬನು ಹೊಲದಲ್ಲಿ ಸುತ್ತಿಗೆಯನ್ನು ಕಳೆದುಕೊಂಡು, ಯಂತ್ರವಿದ್ದ ಸ್ನೇಹಿತನನ್ನು ಹುಡುಕಿಕೊಡುವಂತೆ ಕೇಳಿದನು. ಸುತ್ತಿಗೆಯ ಬದಲು ಚಿನ್ನ ಬೆಳ್ಳಿಯ ನಾಣ್ಯಗಳು ಕಾಣಿಸಿಕೊಂಡುವು. ಆ ಸ್ನೇಹಿತನು ಸ್ವಲ್ಪ ತೆಗೆದು ನೋಡಿ, ಉಳಿದುದನ್ನು ಮುಟ್ಟದೆ ಅಗೆಯುವುದನ್ನು ನಿಲ್ಲಿಸಿದನು. ಕೂಡಲೇ ಅಧಿಕಾರಿಗಳಿಗೆ ತಿಳಿಸಲಾಯಿತು. ಮರುದಿನ ಪುರಾತತ್ವಜ್ಞರು ಬಂದು ಮಣ್ಣಿನ ಸಮೇತವಾಗಿ ನಿಧಿಯನ್ನು ತೆಗೆದರು. ಸುಮಾರು 15,000 ನಾಣ್ಯಗಳೂ, ಆಭರಣ ಪಾತ್ರೆಗಳು ಸುಮಾರು 200ರಷ್ಟೂ ಇದ್ದುವು. ಮರವು ಕೊಳೆತುಹೋಗಿದ್ದರೂ, ವಸ್ತುಗಳು ಇದ್ದ ರೀತಿಯಿಂದ ಅವು ಓಕ್ ಮರದ ಪೆಟ್ಟಿಗೆಯಲ್ಲಿ ಇಡಲ್ಪಟ್ಟಿದ್ದುವೆಂದೂ, ಅದರೊಳಗೆ ಸಣ್ಣ ಪೆಟ್ಟಿಗೆಗಳಿದ್ದುವೆಂದೂ ತಿಳಿಯಿತು. ಕ್ರಿ. ಶ. 407ಕ್ಕೆ ಈಚೆಗೆ ಇದನ್ನು ಹೂಳಿದರೆಂಬುದು ನಾಣ್ಯಗಳಿಂದ ಗೊತ್ತಾಯಿತು. ಇದರಲ್ಲಿದ್ದ ಬೆಳ್ಳಿಯ ಮೆಣಸಿನ ಭರಣಿಗಳು ನಾಲ್ಕು. ದಕ್ಷಿಣ ಭಾರತದ ಬಳ್ಳಿಯಲ್ಲಿ ಬೆಳೆದ ಕರಿಮೆಣಸು ಅಷ್ಟು ದೂರದ ಶ್ರೀಮಂತರ ಊಟದಲ್ಲಿ ಸೇರುತ್ತಿದ್ದುದಕ್ಕೆ ಇವು ಸಾಕ್ಷಿ. ನಿಧಿಗೆ 17,50,000 ಪೌಂಡಿನಷ್ಟು ಬಹುಮಾನ ಸಂದಿತು. ಸ್ನೇಹಿತನು ಅದನ್ನು ರೈತನೊಡನೆ ಹಂಚಿಕೊಂಡನು. ಕೊನೆಗೆ ದೊರೆತ ಆ ಸುತ್ತಿಗೆಯೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ನಮ್ಮಲ್ಲಿಯೂ ಇದೇ ನ್ಯಾಯ.— ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತಿವೆ. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಅಲ್ಲಿ ಪದರ ಪದರವಾಗಿ ಅಗೆಸಿದಾಗ, ಇಂಥ ನಾಣ್ಯವು ಯಾವ ಪದರದಲ್ಲಿದೆಯೆಂಬುದು ಜೊತೆಗಿದ್ದ ಮಡಕೆಗಳ ಕಾಲವನ್ನು ನಿರ್ಣಯಿಸಲು ನೆರವಾಯಿತು. ಅದೇ ನಾಣ್ಯವನ್ನು ಯಾರಾದರೂ ಕಿತ್ತು ಸಂತೆಯಲ್ಲಿ ಮಾರಿದ್ದರೆ ಅದು ತೂಕದ ಬೆಳ್ಳಿಯಾಗುತ್ತಿತ್ತೇ ಹೊರತು ದೇಶದ ಚರಿತ್ರೆಯಾಗುತ್ತಿರಲಿಲ್ಲ.

ಕಾನೂನು.— 1878ರ ಭಾರತದ ನಿಧಿ ಕಾಯಿದೆಯ ಪ್ರಕಾರ, ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಕಂಡವನು ವಸ್ತುವಿನ ಸ್ವರೂಪ, ಬೆಲೆ, ಸ್ಥಳ, ದಿನಾಂಕಗಳನ್ನು ಬರಹದ ಮೂಲಕ ಜಿಲ್ಲಾಧಿಕಾರಿಗೆ ತಿಳಿಸಬೇಕು. ನಿಧಿಗೆ ಬೇರೆ ಹಕ್ಕುದಾರರಿಲ್ಲವೆಂದು ತೀರ್ಮಾನವಾಗಿ, ಒಪ್ಪಂದವೂ ಇಲ್ಲದಿದ್ದರೆ, ಮುಕ್ಕಾಲು ಭಾಗವು ಕಂಡವನಿಗೂ ಕಾಲು ಭಾಗವು ಸ್ಥಳದ ಯಜಮಾನನಿಗೂ ಸಲ್ಲತಕ್ಕದ್ದೆಂದು ಅದರಲ್ಲಿ ಹೇಳಿದೆ. ಮರೆಮಾಡಿದವನು ಪಾಲನ್ನು ಕಳೆದುಕೊಂಡು ಶಿಕ್ಷೆಗೂ ಗುರಿಯಾಗುವನು. ಮರೆಮಾಡಲು ನೆರವಾದ ಯಜಮಾನನಿಗೂ ಇದೇ ಗತಿ. ಕರ್ನಾಟಕಕ್ಕೆ 1962ರಲ್ಲಿ ಪ್ರತ್ಯೇಕ ನಿಧಿ ಕಾಯಿದೆಯಾಗಿದೆ. ಸಂರಕ್ಷಿತ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದನ್ನು 1958ರ ಕಾಯಿದೆಯೂ, ಪುರಾತನ ವಸ್ತುಗಳನ್ನು ಖಾಸಗಿಯಾಗಿ ವಿದೇಶಕ್ಕೆ ಸಾಗಿಸುವುದನ್ನು 1972ರ ಕಾಯಿದೆಯೂ ನಿಷೇಧಿಸಿವೆ.

ಆದುದರಿಂದ ವಸ್ತುವು ದೊರೆತಾಗ ಈ ಕೆಳಗಿನಂತೆ ನಡೆದುಕೊಳ್ಳತಕ್ಕದ್ದು:—

(1) ಉಳುವುದನ್ನೂ ಅಗೆಯುವುದನ್ನೂ ಅಲ್ಲಿಯೇ ನಿಲ್ಲಿಸಿ, ಸ್ಥಳಕ್ಕೆ ಗುರುತು ನೆಟ್ಟು ಕಾವಲಿಡಬೇಕು.

(2) ಹೊರಬಿದ್ದ ವಸ್ತುವನ್ನು ಹುಣಿಸೆಹಣ್ಣು, ಬೂದಿಗಳಿಂದ ತಿಕ್ಕಬಾರದು; ಮೇಲಿನ ಅಚ್ಚೂ ಅಕ್ಷರವೂ ಅಳಿದುಹೋಗುವುವು. ಕರಗಿಸಲೂ ಕೂಡದು.

(3) ಜೊತೆಯಲ್ಲಿ ಸಿಕ್ಕಿದ ಮಡಕೆಯ ಚೂರುಗಳನ್ನು ಎಸೆಯದೆ ಒಟ್ಟಿಗೆ ಇಡಬೇಕು.

(4) ಸರ್ವೆ ನಂಬರು, ಬದುವಿನಿಂದ ದೂರ, ಆಳ, ಇವನ್ನು ಬರೆದು ಸಾಕ್ಷಿಗಳ ಎದುರಿನಲ್ಲಿ ರುಜು ಹಾಕಿಸಿ, ತಹಸೀಲ್ದಾರರ ಮೂಲಕ ಜಿಲ್ಲಾಧಿಕಾರಿಗೂ ಪುರಾತತ್ವ ಇಲಾಖೆಗೂ ತಿಳಿಸಬೇಕು.

(5) ಯಂತ್ರದೊಡನೆ ಬಂದು ನಿಧಿ ತೋರಿಸುವೆವೆನ್ನುವ ಅಪರಿಚಿತರಿಗೂ, ಪೂಜೆ ಬಲಿಗಳ ನೆವದಿಂದ ರಾತ್ರಿಯಲ್ಲಿ ಗುಡಿಯನ್ನೋ ವೀರಗಲ್ಲನ್ನೋ ಕೀಳಲು ಬರುವವರಿಗೂ ಎಡೆಗೊಡದೆ ಪೊಲೀಸಿನವರಿಗೆ ಸುದ್ದಿ ಮುಟ್ಟಿಸಬೇಕು.

ಗ್ರಾಮದಲ್ಲಿ ಮುಖ್ಯಸ್ಥರ ಮಾತಿಗೆ ಬೆಲೆಯುಂಟು. ಕಂಡದ್ದನ್ನು ತಿಳಿಸಿದರೆ ಎಲ್ಲವೂ ಹೋಗಿಬಿಡುವುದೆಂಬ ಭಯವೇ ಅನೇಕರು ಮರೆಮಾಡುವುದಕ್ಕೆ ಕಾರಣ. ಮರೆಮಾಡಿದವನಿಗೇ ನಷ್ಟವೆಂಬುದನ್ನು ಅವರು ರೈತರಿಗೆ ಮನದಟ್ಟು ಮಾಡಿಕೊಟ್ಟರೆ, ರೈತನಿಗೆ ನ್ಯಾಯವಾದ ಪಾಲೂ ಗ್ರಾಮಕ್ಕೆ ಅದರ ಚರಿತ್ರೆಯೂ ಉಳಿಯುವುವು.