ಪೋಣಿಸುವುದೂ ಬಿಡಿಸುವುದೂ: ಅಕ್ರಿಲಿಕ್ ಕಥೆ



ಡೊಂಬಿವಲಿ ಸ್ಟೇಷನ್ನಿನಿಂದ ಹೊರಬಂದು ಒಮ್ಮೆ ಸುತ್ತ ನೋಡಿ. ಅಂಗಡಿಗಳ ಹೊಳೆಯುವ ನಾಮಫಲಕ, ಗೋಡೆಯ ಇಮಲ್ಷನ್ ಬಣ್ಣ, ಕಾರಿನ ಹಿಂದಿನ ಕೆಂಪು ದೀಪದ ಮುಚ್ಚಳ, ಅಜ್ಜನ ಕಟ್ಟುಹಲ್ಲಿನ ಗುಲಾಬಿ ವಸಡು, ಮಗುವಿನ ಡೈಪರಿನಲ್ಲಿ ನೀರು ಹೀರುವ ಪುಡಿ ಇವೆಲ್ಲ ಒಂದೇ ಮನೆತನದವು. ಮನೆತನದ ಹೆಸರು ಅಕ್ರಿಲಿಕ್. 1949ರಲ್ಲಿ ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ ಪೊರೆ ಬಂದ ಕಣ್ಣಿನೊಳಗೆ ಮೊದಲ ಬಾರಿ ಕೂರಿಸಿದ ಕೃತಕ ಲೆನ್ಸ್ ಕೂಡ ಇದರದೇ.

ಅಕ್ರಿಲಿಕ್ ಎಂದರೆ ಒಂದು ಹೂವಿನ ಮಾಲೆ ಎಂದುಕೊಳ್ಳಿ. ಬಿಡಿ ಹೂವು ಘಾಟು ವಾಸನೆಯ ತೆಳು ದ್ರವ. ಅದಕ್ಕೆ ಮೊನೊಮರ್ ಎನ್ನುತ್ತಾರೆ. ಸಾವಿರಾರು ಹೂವು ಪೋಣಿಸಿದರೆ ಗಾಜಿನಂಥ ಗಟ್ಟಿ ಹಾಳೆ. ಪೋಣಿಸುವ ಕೆಲಸ ಶುರುಮಾಡುವುದು ಹೆಚ್ಚಾಗಿ ಪೆರಾಕ್ಸೈಡ್ ಎಂಬ ಜಾತಿಯ ರಾಸಾಯನಿಕ.

ಅಪಾಯ ಇರುವುದು ಇಲ್ಲೇ. ಒಂದೊಂದು ಹೂವು ಸೇರಿದಾಗಲೂ ಶಾಖ ಹೊರಬರುತ್ತದೆ. ಶಾಖ ಏರಿದರೆ ಪೋಣಿಸುವ ವೇಗವೂ ಏರುತ್ತದೆ, ವೇಗ ಏರಿದರೆ ಮತ್ತೆ ಶಾಖ. ದ್ರವ ಪಾಯಸದಂತೆ ಮಂದವಾದಾಗ ಮಾಲೆಗಳು ನಿಲ್ಲುವುದು ಇನ್ನೂ ಕಷ್ಟ. ಅದಕ್ಕೇ ಬಣ್ಣದ ಕಾರ್ಖಾನೆಗಳಲ್ಲಿ ಮೊನೊಮರನ್ನು ಒಟ್ಟಿಗೆ ಸುರಿಯದೆ, ನೀರಿನಲ್ಲಿ ಸ್ವಲ್ಪಸ್ವಲ್ಪವಾಗಿ ಬಿಡುತ್ತಾರೆ. ಶಾಖವನ್ನು ನೀರು ಹೊತ್ತೊಯ್ಯುತ್ತದೆ. ಟ್ಯಾಂಕಿನಲ್ಲಿರುವ ಮೊನೊಮರಿಗೆ ತಡೆಮದ್ದು ಬೆರೆಸಿರುತ್ತಾರೆ. ಆ ಮದ್ದು ಕೆಲಸ ಮಾಡಲು ದ್ರವದಲ್ಲಿ ಸ್ವಲ್ಪ ಗಾಳಿ ಕರಗಿರಬೇಕು. ಸುರಕ್ಷಿತವೆಂದು ಗಾಳಿ ತೆಗೆದು ಬರೀ ನೈಟ್ರೋಜನ್ ತುಂಬಿಸಿದರೆ ಮದ್ದೇ ಸುಮ್ಮನಾಗುತ್ತದೆ!

ಇದು ಪುಸ್ತಕದ ಮಾತಲ್ಲ. 2024ರ ಮೇ 23ರಂದು ಡೊಂಬಿವಲಿ ಎಂಐಡಿಸಿಯಲ್ಲಿ ಸ್ಫೋಟವಾಗಿ ಹತ್ತಕ್ಕೂ ಹೆಚ್ಚು ಮಂದಿ ಜೀವ ಕಳೆದುಕೊಂಡರು. ಅದು ಅಕ್ರಿಲಿಕ್ ಕಾರ್ಖಾನೆಯಲ್ಲ, ಪೆರಾಕ್ಸೈಡ್ ತಯಾರಿಸುತ್ತಿದ್ದ ಕಾರ್ಖಾನೆ. ಪೋಣಿಸುವ ಕೆಲಸಕ್ಕೆ ಚಾಲನೆ ಕೊಡುವ ಈ ವಸ್ತು ತಾನೇ ಬಿಸಿಯಾದರೆ ಏನಾದೀತು ಎಂಬುದನ್ನು ದೂರದ ಮನೆಗಳ ಒಡೆದ ಕಿಟಕಿಗಳು ಹೇಳಿದವು.

ಈಗ ಹೊಸ ವಿದ್ಯೆಗೆ ಬರೋಣ. ಹಳೆಯ ಕ್ರಮದಲ್ಲಿ ಒಂದು ಮಾಲೆ ಕ್ಷಣದಲ್ಲಿ ಉದ್ದವಾಗಿ ಮುಗಿದುಹೋಗುತ್ತದೆ, ಆಮೇಲೆ ಇನ್ನೊಂದು. ಉದ್ದ ಒಂದೇ ಸಮ ಇರುವುದಿಲ್ಲ. 1990ರ ದಶಕದಲ್ಲಿ ವಿಜ್ಞಾನಿಗಳು ಮಾಲೆಯ ತುದಿಗೆ ಬಿಚ್ಚಿ ಕಟ್ಟಬಹುದಾದ ಗಂಟು ಹಾಕಲು ಕಲಿತರು. 1995ರಲ್ಲಿ ಅಮೆರಿಕದಲ್ಲಿ ಮಾತ್ಯಾಶೆವ್‌ಸ್ಕಿ, 1998ರಲ್ಲಿ ಆಸ್ಟ್ರೇಲಿಯದ ಸಿಎಸ್ಐಆರ್‌ಒ ತಂಡ ಇಂಥ ದಾರಿಗಳನ್ನು ತೋರಿಸಿದವು. ಗಂಟು ಬಿಚ್ಚಿದಾಗ ಒಂದೆರಡು ಹೂವು, ಮತ್ತೆ ಗಂಟು. ಎಲ್ಲ ಮಾಲೆಗಳೂ ಜೊತೆಯಾಗಿ, ಸಮವಾಗಿ ಬೆಳೆಯುತ್ತವೆ.

ಸ್ವಾರಸ್ಯ ಮುಂದಿದೆ. ಅದೇ ಗಂಟನ್ನು ಬಿಸಿಯಲ್ಲಿ ಬಿಚ್ಚಿದರೆ ಹೂವುಗಳು ತುದಿಯಿಂದ ಒಂದೊಂದಾಗಿ ಜಾರಿ ಹೊರಬರುತ್ತವೆ! ನಾಮಫಲಕದ ಅಕ್ರಿಲಿಕ್ಕನ್ನು ಮೊನೊಮರ್ ಮಾಡಲು ಸಾಮಾನ್ಯವಾಗಿ 400 ಡಿಗ್ರಿಯ ಆಸುಪಾಸು ಬಿಸಿ ಬೇಕು. ಕರಗಿದ ಸೀಸದ ಮೇಲೆ ಹಾಕಿ ಮಾಡುವ ಪದ್ಧತಿಯೂ ಇದೆ. ಅಲ್ಲಿ ದುಡಿಯುವವರಿಗೆ ಸೀಸದ ವಿಷದ ಭಯ. ಆದರೆ 2022ರಲ್ಲಿ ಜ್ಯೂರಿಕ್‌ನ ಇಟಿಎಚ್‌ನಲ್ಲಿ ಅಥಿನಾ ಅನಸ್ತಸಾಕಿ ಅವರ ತಂಡ, ಗಂಟು ಇರುವ ಮಾಲೆಗಳನ್ನು ದ್ರಾವಕದಲ್ಲಿ ಕರಗಿಸಿ ಕೇವಲ 120 ಡಿಗ್ರಿಯಲ್ಲಿ ಬಿಡಿಸಿ, ನೂರಕ್ಕೆ 90ಕ್ಕೂ ಹೆಚ್ಚು ಹೂವು ಮರಳಿ ಪಡೆಯಿತು. 2025ರಲ್ಲಿ ಅದೇ ತಂಡ ಗಂಟಿಲ್ಲದ ಮಾರುಕಟ್ಟೆಯ ಅಕ್ರಿಲಿಕ್ಕನ್ನೂ ಬೆಳಕಿನ ಸಹಾಯದಿಂದ ಬಿಡಿಸಿತು. ಇದಿನ್ನೂ ಪ್ರಯೋಗಶಾಲೆಯ ಮಾತು. ಗೋಡೆಯ ಬಣ್ಣ, ಡೈಪರಿನ ಪುಡಿ ಮಾತ್ರ ಹೀಗೆ ಸುಲಭವಾಗಿ ಬಿಡಿಸಿಕೊಳ್ಳುವ ಜಾತಿಯಲ್ಲ. ಅವು ಎಲ್ಲೆಂದರಲ್ಲಿ ತುಂಡಾಗುತ್ತವೆ.

ಹಾಗಾದರೆ ನಾವೇನು ಮಾಡಬಹುದು? ಹಳೆಯ ಬೋರ್ಡನ್ನು ಸುಡಬೇಡಿ, ಹೊಗೆ ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದು. ಬೇರೆ ಪ್ಲಾಸ್ಟಿಕ್ಕಿನ ಜೊತೆ ಬೆರೆಸದೆ ಭಂಗಾರದವನಿಗೆ ಕೊಡಿ. ಶುದ್ಧವಾಗಿದ್ದರೆ ಮಾತ್ರ ಅದು ಮತ್ತೆ ಹೂವಾದೀತು. ಕಾರ್ಖಾನೆಯಲ್ಲಿ ಪಾಳಿ ಮಾಡುವ ಬಂಧುಗಳೇ, ರಿಯಾಕ್ಟರಿನ ಉಷ್ಣತೆಯ ಮುಳ್ಳು ಏರುತ್ತಿದ್ದರೆ "ನೋಡೋಣ" ಎನ್ನಬೇಡಿ, ಕೂಡಲೇ ಮೇಲಿನವರಿಗೆ ತಿಳಿಸಿ. ಮನೆಯಲ್ಲಿ ನಿಮ್ಮ ದಾರಿ ಕಾಯುವವರಿದ್ದಾರೆ.